ಕರೆ ಒಬ್ಬರಿಗೆ, ಹೊರೆ ಮನೆಯವರಿಗೆಲ್ಲ

ಓದಿ ಧ್ಯಾನಿಸಲು: ಪ್ರೇಷಿತರ ಕಾರ್ಯಕಲಾಪಗಳು 18ನೆಯ ಅಧ್ಯಾಯ, ರೋಮನರಿಗೆ ಬರೆದ ಪತ್ರ 16:3-5



ಕಳೆದ ಬೇಸಿಗೆಯಲ್ಲಿ ಮನೆಗಳ ಆಶೀರ್ವಾದಕ್ಕೆಂದು ಸಂಪಿಗೆಯ ಕಡೆಗೆ ಹೋಗಿದ್ದೆ. ತೆಂಗಿನ ತೋಟದ ನಡುವೆ ಒಂದು ಹಳೆಯ ಮನೆ. ಮನೆಯಲ್ಲಿದ್ದವರು ಇಬ್ಬರೇ: ಒಬ್ಬ ಅಜ್ಜಿ, ಆರು ವರ್ಷದ ಮೊಮ್ಮಗ. ಹುಡುಗನ ತಂದೆಗೆ ಬೆಂಗಳೂರಿನಲ್ಲಿ ಕೆಲಸ, ವಾರಕ್ಕೊಮ್ಮೆ ಬಂದು ಹೋಗುತ್ತಾನೆ. ತಾಯಿ ಕುವೈತಿನಲ್ಲಿ ನರ್ಸ್. ಪ್ರಾರ್ಥನೆ ಮುಗಿಸಿ, ಪವಿತ್ರ ಜಲ ಚಿಮುಕಿಸಿ ಕುಳಿತಾಗ ಅಜ್ಜಿ ಕಾಫಿ ಕೊಟ್ಟು ಮೆಲ್ಲಗೆ ಹೇಳಿದರು: ‘ಅವರಮ್ಮ ರಾತ್ರಿ ಫೋನ್ ಮಾಡಿದ್ರೆ ಇವನು ಮಾತೇ ಆಡಲ್ಲ ಫಾದರ್. ಫೋನ್ ಬಂತು ಅಂದ್ರೆ ಸಾಕು, ಕೊಬ್ಬರಿ ಅಟ್ಟ ಹತ್ತಿ ಕೂತ್ಕೋತಾನೆ. ನೀವಾದ್ರೂ ಒಂದು ಮಾತು ಹೇಳಿ.’

ಹುಡುಗನನ್ನು ಹತ್ತಿರ ಕರೆದು, ‘ಯಾಕಪ್ಪ, ಅಮ್ಮನ ಜೊತೆ ಮಾತಾಡೋದಿಲ್ವಾ?’ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಅವನು ಹೇಳಿದ: ‘ಯಾವಾಗ ಬರ್ತೀಯ ಅಂದ್ರೆ ಬರ್ತೀನಿ ಅಂತಾಳೆ. ಯಾವತ್ತು ಅಂತ ಹೇಳಲ್ಲ.’

ನನ್ನ ಬಾಯಿ ಕಟ್ಟಿಹೋಯಿತು. ಏಕೆಂದರೆ ಅದಕ್ಕೆ ಹಿಂದಿನ ಅಕ್ಟೋಬರಿನಲ್ಲಿ, ಮಿಷನ್ ಭಾನುವಾರದ ಪ್ರಬೋಧನೆಯಲ್ಲಿ, ಪರದೇಶಗಳಲ್ಲಿ ರೋಗಿಗಳ ಸೇವೆ ಮಾಡುತ್ತಿರುವ ನಮ್ಮ ಹೆಣ್ಣುಮಕ್ಕಳನ್ನು ನಾನು ಬಾಯ್ತುಂಬ ಹೊಗಳಿದ್ದೆ. ಅವರು ‘ನಮ್ಮ ಕಾಲದ ಮಿಷನರಿಗಳು’ ಎಂದಿದ್ದೆ. ‘ತ್ಯಾಗವಿಲ್ಲದೆ ಫಲವಿಲ್ಲ’ ಎಂದೂ ಸೇರಿಸಿದ್ದೆ. ಅಂದು ಮುಂದಿನ ಸಾಲಿನಲ್ಲಿ ಚಾಪೆಯ ಮೇಲೆ ಕುಳಿತಿದ್ದ ಮಕ್ಕಳಲ್ಲಿ ಈ ಹುಡುಗನೂ ಒಬ್ಬ. ಯಾರ ತ್ಯಾಗದ ಕುರಿತು ನಾನು ಮಾತನಾಡಿದೆನೋ ಅದರಲ್ಲಿ ಅವನ ಪಾಲೂ ಇತ್ತು. ಅವನನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಆದ್ದರಿಂದ ಈ ವಾರ ಮಿಷನರಿಯ ಕುರಿತಲ್ಲ, ಮಿಷನರಿಯ ಮನೆಯವರ ಕುರಿತು ನಿಮ್ಮೊಂದಿಗೆ ಕೊಂಚ ಚಿಂತಿಸಬೇಕೆಂದಿದ್ದೇನೆ. ಮಡದಿ ಮಕ್ಕಳಿಲ್ಲದ ಗುರುವಿಗೆ ಇದನ್ನು ಬರೆಯಲು ಏನು ಅಧಿಕಾರ ಎಂದು ನೀವು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ತ್ಯಾಗ ಮಾಡಿರೆಂದು ಬಲಿಪೀಠದ ಬಳಿ ನಿಂತು ನಿಮಗೆ ಹೇಳುವವನು ನಾನೇ ಆದ್ದರಿಂದ, ಅದರ ಲೆಕ್ಕವನ್ನು ಓದುವ ಹೊಣೆಯೂ ನನ್ನದೇ.

ಮೊದಲ ಮಿಷನರಿ ದಂಪತಿಗಳು

ಸಂತ ಪೌಲರು ಕೊರಿಂಥಕ್ಕೆ ಬಂದಾಗ ಅವರಿಗೆ ಆಸರೆ ಕೊಟ್ಟವರು ಅಕ್ವಿಲ ಮತ್ತು ಪ್ರಿಸ್ಸಿಲ್ಲ. ಅಕ್ವಿಲ ಪೊಂತ ಪ್ರಾಂತ್ಯದಲ್ಲಿ ಹುಟ್ಟಿದವನು. ಯೆಹೂದ್ಯರು ರೋಮನ್ನು ಬಿಟ್ಟು ಹೋಗಬೇಕೆಂದು ಚಕ್ರವರ್ತಿ ಕ್ಲೌದಿಯನು ಆಜ್ಞೆ ಮಾಡಿದ್ದರಿಂದ ದಂಪತಿಗಳು ಗಂಟುಮೂಟೆ ಕಟ್ಟಿಕೊಂಡು ಕೊರಿಂಥಕ್ಕೆ ಬಂದಿದ್ದರು. ಅವರದು ಗುಡಾರ ಹೊಲಿಯುವ ಕಸುಬು. ಪೌಲರದೂ ಅದೇ ಕಸುಬು. ಹಗಲೆಲ್ಲ ಒಂದೇ ಜಗಲಿಯಲ್ಲಿ ಕುಳಿತು ಹೊಲಿಗೆ, ಸಬ್ಬತ್ ದಿನ ಪ್ರಾರ್ಥನಾಮಂದಿರದಲ್ಲಿ ಬೋಧನೆ.

ಪೌಲರು ಎಫೆಸಕ್ಕೆ ಹೊರಟಾಗ ದಂಪತಿಗಳೂ ಹೊರಟರು. ಅಲ್ಲಿ ಅಪೊಲ್ಲೋ ಎಂಬ ವಾಗ್ಮಿಯನ್ನು ಮನೆಗೆ ಕರೆದು, ಅವನಿಗೆ ಗೊತ್ತಿಲ್ಲದಿದ್ದುದನ್ನು ತಿಳಿಸಿಕೊಟ್ಟರು. ತಿಳಿಸಿದವರು ಇಬ್ಬರೂ. ಮುಂದೆ ರೋಮಿನಲ್ಲಿ ಅವರ ಮನೆಯಲ್ಲೇ ವಿಶ್ವಾಸಿಗಳು ಸೇರುತ್ತಿದ್ದರು. ತನ್ನ ಪ್ರಾಣಕ್ಕಾಗಿ ಅವರು ಕೊರಳನ್ನೇ ಒಡ್ಡಿದರೆಂದು ಪೌಲರು ಕೃತಜ್ಞತೆಯಿಂದ ನೆನೆಯುತ್ತಾರೆ.

ಇಲ್ಲಿ ಎರಡು ವಿಷಯ ಗಮನಿಸಿ. ಒಂದು, ಪವಿತ್ರ ಗ್ರಂಥವು ಪ್ರಿಸ್ಸಿಲ್ಲಳ ಹೆಸರನ್ನು ಮರೆಯುವುದಿಲ್ಲ. ಹಲವು ಕಡೆ ಗಂಡನ ಹೆಸರಿಗಿಂತ ಮೊದಲೇ ಹೇಳುತ್ತದೆ. ಎರಡು, ಅವರ ಸೇವೆಯೆಲ್ಲ ಮನೆಯೊಳಗೇ ನಡೆಯಿತು: ಕಸುಬು, ಊಟ, ಅತಿಥಿ ಸತ್ಕಾರ, ಬೋಧನೆ, ಪ್ರಾರ್ಥನೆ. ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಕುಟುಂಬವನ್ನು ಗೃಹಸಭೆ ಎಂದು ಕರೆಯಿತು. 1981ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲರು ಕುಟುಂಬದ ಕುರಿತಾದ ತಮ್ಮ ಪ್ರಬೋಧನಾ ಪತ್ರದಲ್ಲಿ, ಸುವಾರ್ತೆಗಾಗಿ ದೂರದ ನಾಡುಗಳಿಗೆ ಹೋಗುವ ದಂಪತಿಗಳ ವಿಷಯ ಬರೆಯುವಾಗ ಈ ಇಬ್ಬರನ್ನೇ ನೆನೆದರು.

ನಮ್ಮ ನಾಡಿಗೆ ಬಂದ ಮನೆಗಳು

ನಮ್ಮ ಕಥೋಲಿಕ ಸಂಪ್ರದಾಯದಲ್ಲಿ ಮಿಷನರಿ ಎಂದೊಡನೆ ನೆನಪಾಗುವುದು ಒಂಟಿ ಗುರು, ಇಲ್ಲವೇ ಕನ್ಯಾಮಠದ ಸಹೋದರಿಯರು. ಹಾಸನದ ಬಳಿಯ ಸಾತಳ್ಳಿಯ ಕ್ರೈಸ್ತರಿಗೆ ನೆಲೆ ಮಾಡಿಕೊಟ್ಟ ಅಬ್ಬೆ ದುಬುವಾ ಅವರನ್ನು ನೀವು ಬಲ್ಲಿರಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಚದುರಿಹೋಗಿದ್ದ ಜನರನ್ನು ಅವರು ಒಟ್ಟುಗೂಡಿಸಿದರು, ಸಿಡುಬಿನ ಲಸಿಕೆ ಹಾಕಿಸಿದರು, 1823ರಲ್ಲಿ ಫ್ರಾನ್ಸಿಗೆ ಮರಳಿದರು. ಅವರು ಬಂದದ್ದೂ ಒಬ್ಬರೇ, ಹೋದದ್ದೂ ಒಬ್ಬರೇ.

ಆದರೆ ನಮ್ಮ ಪ್ರೊಟೆಸ್ಟಂಟ್ ಸಹೋದರರ ಮಿಷನರಿಗಳು ಬಹುಮಟ್ಟಿಗೆ ಕುಟುಂಬ ಸಮೇತ ಬಾಳಿದವರು. ಅವರಲ್ಲಿರುವ ಒಳಿತನ್ನು ಸಂತೋಷದಿಂದ ಗುರುತಿಸಬೇಕೆಂದು ಅದೇ ಮಹಾಸಭೆ ನಮಗೆ ಕಲಿಸಿದೆ. ಆದ್ದರಿಂದ ಈ ಪಾಠಕ್ಕೆ ಅವರ ಮನೆಗಳ ಬಾಗಿಲನ್ನೇ ತಟ್ಟೋಣ.

ದೂರವೇನೂ ಹೋಗಬೇಕಾಗಿಲ್ಲ. ನಮ್ಮ ಪಕ್ಕದ ಗುಬ್ಬಿಯಲ್ಲಿ 1837ರಲ್ಲೇ ವೆಸ್ಲಿಯನ್ ಮಿಷನ್ ನೆಲೆಯೂರಿತು. ಅದನ್ನು ಆರಂಭಿಸಿದವರು ಥಾಮಸ್ ಹಾಡ್ಸನ್. ಅಲ್ಲಿಗೆ ಬಂದ ತರುಣ ವಿಲಿಯಂ ಆರ್ಥರ್ 1839ರಲ್ಲಿ ಭಾರತಕ್ಕೆ ಬಂದವರು. ಕಣ್ಣಿನ ದೃಷ್ಟಿ ಕೆಟ್ಟು 1841ರಲ್ಲೇ ಮರಳಬೇಕಾಯಿತು. 1847ರಲ್ಲಿ ಅವರು ಮೈಸೂರು ಸೀಮೆಯ ಕುರಿತು ಬರೆದ ಪುಸ್ತಕದಿಂದ ಗುಬ್ಬಿಯ ಹೆಸರು ಇಂಗ್ಲೆಂಡಿನ ಮನೆಮನೆಗೂ ತಲುಪಿತು.

ಅದೇ 1837ರಲ್ಲಿ ಬೆಂಗಳೂರಿನಲ್ಲಿ ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ ದಂಪತಿಗಳ ಮನೆಯಲ್ಲಿ ಜುಲೈ ತಿಂಗಳಲ್ಲಿ ಒಂದು ಗಂಡುಮಗು ಹುಟ್ಟಿತು. ಆ ಮಗುವಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಬೆಂಜಮಿನ್ ರೈಸ್ ಐವತ್ತು ವರ್ಷ ಕನ್ನಡಿಗರ ನಡುವೆಯೇ ದುಡಿದರು. ಕನ್ನಡ ಬೈಬಲಿನ ಪರಿಷ್ಕರಣೆಯಲ್ಲಿ ಪಾಲ್ಗೊಂಡರು, ಶಾಲಾ ಮಕ್ಕಳಿಗೆ ಪುಸ್ತಕ ಬರೆದರು, 1887ರಲ್ಲಿ ಬೆಂಗಳೂರಿನಲ್ಲೇ ಕಣ್ಣುಮುಚ್ಚಿದರು. ಅವೆನ್ಯೂ ರಸ್ತೆಯಲ್ಲಿರುವ ರೈಸ್ ಸ್ಮಾರಕ ದೇವಾಲಯ ಅವರ ಹೆಸರಿನದು.

ಮಂಗಳೂರಿನಲ್ಲಿ 1834ರಿಂದ ಬಾಸೆಲ್ ಮಿಷನ್ ಇತ್ತು. ಕನ್ನಡ–ಇಂಗ್ಲಿಷ್ ನಿಘಂಟಿನ ಕಿಟ್ಟೆಲ್ ಆ ಮಿಷನ್ನಿನವರು. ಅವರ ಹೆಸರು ಕೇಳದ ಕನ್ನಡಿಗನಿಲ್ಲ.

ಮಿಷನ್ ಮನೆಯ ದಿನಚರಿ

ಆ ಮನೆಗಳಲ್ಲಿ ಒಂದು ದಿನ ಹೇಗೆ ಕಳೆಯುತ್ತಿತ್ತು?

ಬಿಸಿಲೇರುವ ಮುನ್ನ ಮನೆಯವರು, ಕೆಲಸದವರು, ಶಾಲೆಯ ಮಕ್ಕಳು ಕೂಡಿ ಪ್ರಾರ್ಥನೆ. ಬಳಿಕ ಪಂಡಿತರೊಬ್ಬರು ಬರುತ್ತಿದ್ದರು. ಅವರ ಮುಂದೆ ಕುಳಿತು ದೊರೆಗಳಂತೆ ಬಂದವರು ಬಾಲಕರಂತೆ ಅಕ್ಷರ ತಿದ್ದಬೇಕು. ಕಿಟ್ಟೆಲ್ 1853ರಲ್ಲಿ ಮಂಗಳೂರಿಗೆ ಬಂದರು, ನಿಘಂಟು ಅಚ್ಚಾದದ್ದು 1894ರಲ್ಲಿ. ನಾಲ್ಕು ದಶಕದ ಆ ಅವಧಿಯಲ್ಲಿ ಅವರು ಕನ್ನಡದ ವಿದ್ಯಾರ್ಥಿಯಾಗಿಯೇ ಉಳಿದರು. 1862ರಲ್ಲಿ ಸ್ವಾಮಿ ಯೇಸುವಿನ ಚರಿತ್ರೆಯನ್ನು ‘ಕಥಾಮಾಲೆ’ ಎಂಬ ಹೆಸರಿನಲ್ಲಿ ನಮ್ಮ ಷಟ್ಪದಿಯಲ್ಲೇ ಬರೆದರು.

ಆಮೇಲೆ ಶಾಲೆ. ಸಂತೆಯ ದಿನವಾದರೆ ಸಂತೆಯ ಮೂಲೆಯಲ್ಲಿ ನಿಂತು ಬೋಧನೆ. ಕೆಲವರು ಕೇಳುತ್ತಿದ್ದರು, ಕೆಲವರು ವಾದಿಸುತ್ತಿದ್ದರು, ಬಹುಮಂದಿ ತಮ್ಮ ವ್ಯಾಪಾರ ನೋಡಿಕೊಂಡು ಹೋಗುತ್ತಿದ್ದರು. ಮಧ್ಯಾಹ್ನ ಜಗಲಿಯಲ್ಲಿ ಜ್ವರದವರು, ಹುಣ್ಣಿನವರು, ಅರ್ಜಿ ಬರೆಸಿಕೊಳ್ಳುವವರು. ಸಂಜೆ ಲೆಕ್ಕಪತ್ರ, ಯೂರೋಪಿನ ಸಮಿತಿಗೆ ವರದಿ. ಮಳೆ ನಿಂತ ಮೇಲೆ ಎತ್ತಿನ ಗಾಡಿಯಲ್ಲಿ ಗುಡಾರ ಹೇರಿಕೊಂಡು ಹಳ್ಳಿ, ಜಾತ್ರೆ, ಸಂತೆಗಳ ಪ್ರವಾಸ. ವಾರಗಟ್ಟಲೆ ಮನೆಯಲ್ಲಿ ಯಜಮಾನನಿಲ್ಲ.

ಈ ದಿನಚರಿಯನ್ನು ಓದುವಾಗ ಒಂದು ಪ್ರಶ್ನೆ ಹುಟ್ಟಬೇಕು. ಅವನು ಸಂತೆಯಲ್ಲಿದ್ದಾಗ, ಪ್ರವಾಸದಲ್ಲಿದ್ದಾಗ, ಆ ಜಗಲಿಯಲ್ಲಿ ಕಾದು ಕುಳಿತ ರೋಗಿಗಳನ್ನು ನೋಡಿದವರು ಯಾರು?

ಹೆಸರು ಸಿಗದ ದುಡಿಮೆ

ನೋಡಿದವಳು ಮಡದಿ. ಹೆಣ್ಣುಮಕ್ಕಳ ಶಾಲೆ ಅವಳದು, ಅನಾಥ ಮಕ್ಕಳ ಊಟ ಬಟ್ಟೆ ಅವಳದು, ಹೊಲಿಗೆ ಪಾಠ ಅವಳದು, ಅತಿಥಿಗಳ ಅಡುಗೆ, ಬಾಣಂತಿಯರ ಮನೆಗೆ ಭೇಟಿ ಎಲ್ಲವೂ ಅವಳದು. ಅಂದಿನ ಗೃಹಿಣಿಯರು ಪರಪುರುಷನ ಎದುರಿಗೆ ಬರುತ್ತಿರಲಿಲ್ಲ; ಅಂಥ ಮನೆಗಳ ಒಳಕೋಣೆಗೆ ಮಿಷನರಿಗೆ ಪ್ರವೇಶವಿರಲಿಲ್ಲ, ಅವನ ಹೆಂಡತಿಗೆ ಇತ್ತು. ಸಂಬಳದ ಪಟ್ಟಿಯಲ್ಲಿ ಮಾತ್ರ ಗಂಡನ ಹೆಸರೊಂದೇ.

ಬೆಂಗಳೂರಿನಲ್ಲಿ ಕನ್ನಡ ಹೆಣ್ಣುಮಕ್ಕಳಿಗಾಗಿ 1840ರ ದಶಕದ ಆರಂಭದಲ್ಲೇ ಶಾಲೆ ತೆರೆದವರು ಬೆಂಜಮಿನ್ ರೈಸ್ ಅವರ ಪತ್ನಿ ಮತ್ತು ಅವರ ಜೊತೆಯ ಮಿಷನರಿ ಸೀವೆಲ್ ಅವರ ಪತ್ನಿ. ಹೆಣ್ಣಿಗೆ ಅಕ್ಷರ ಕಲಿಸಿದರೆ ಮನೆಗೆ ಕೇಡು ಎಂದು ಜನ ನಂಬಿದ್ದ ಕಾಲವದು. ಅಷ್ಟು ದೊಡ್ಡ ಕೆಲಸ ಮಾಡಿದ ಈ ಇಬ್ಬರನ್ನು ಹಳೆಯ ಪುಸ್ತಕಗಳು ಬಹುಮಟ್ಟಿಗೆ ‘ಶ್ರೀಮತಿ ರೈಸ್’, ‘ಶ್ರೀಮತಿ ಸೀವೆಲ್’ ಎಂದಷ್ಟೇ ಕರೆಯುತ್ತವೆ. ಪ್ರಿಸ್ಸಿಲ್ಲಳ ಹೆಸರನ್ನು ಪವಿತ್ರ ಗ್ರಂಥ ಉಳಿಸಿತು. ಇವರ ಸ್ವಂತ ಹೆಸರನ್ನು ನಾವು ಉಳಿಸಲಿಲ್ಲ.

ಬಾಸೆಲ್ ಮಿಷನ್ನಿನ ಕಟ್ಟಳೆ ಇನ್ನೂ ಬಿಗಿ. ತರುಣರು ಮದುವೆಯಾಗದೆ ಬರಬೇಕು. ಕೆಲವು ವರ್ಷ ಸೇವೆ ಮಾಡಿದ ಮೇಲೆ ಸಮಿತಿಯ ಅನುಮತಿ ಕೇಳಬೇಕು. ವಧುವನ್ನು ಸಮಿತಿ ಒಪ್ಪಬೇಕು. ಎಷ್ಟೋ ಹೆಣ್ಣುಮಕ್ಕಳು ತಮ್ಮ ಗಂಡನಾಗುವವನನ್ನು ಒಮ್ಮೆಯೂ ಸರಿಯಾಗಿ ನೋಡದೆ ಹಡಗು ಹತ್ತಿ ಮಂಗಳೂರಿಗೆ ಬಂದಿಳಿದರು. ಕಿಟ್ಟೆಲ್ 1860ರಲ್ಲಿ ಪೌಲೀನೆ ಐತ್ ಅವರನ್ನು ಮದುವೆಯಾದರು. ನಾಲ್ಕೇ ವರ್ಷದಲ್ಲಿ, 1864ರಲ್ಲಿ, ಆಕೆ ಎಳೆಯ ಮಕ್ಕಳನ್ನು ಬಿಟ್ಟು ತೀರಿಕೊಂಡರು. 1867ರಲ್ಲಿ ಆಕೆಯ ತಂಗಿ ಯೂಲಿಯ ಕೈಹಿಡಿದರು. ನಿಘಂಟನ್ನು ಕೈಗೆತ್ತಿಕೊಂಡಾಗ ಅದರ ಎಪ್ಪತ್ತು ಸಾವಿರದಷ್ಟು ಪದಗಳ ಹಿಂದೆ ಈ ಇಬ್ಬರು ಅಕ್ಕತಂಗಿಯರ ಬದುಕೂ ಇದೆ ಎಂಬುದನ್ನು ನೆನೆಯಬೇಕು.

ಮಕ್ಕಳು ತೆತ್ತ ಬೆಲೆ

ಈಗ ಈ ಪಾಠದ ಕಠಿಣ ಭಾಗಕ್ಕೆ ಬರೋಣ.

ಈ ಮನೆಗಳಲ್ಲಿ ಹುಟ್ಟಿದ ಮಕ್ಕಳಿಗೆ ಕನ್ನಡ, ತುಳು, ಮಲೆಯಾಳಗಳೇ ಮೊದಲ ಮಾತು. ಆಯಾಗಳ ಮಡಿಲು, ಇಲ್ಲಿನ ಮಳೆ, ಇಲ್ಲಿನ ಮಾವು. ಆದರೆ ಸುಮಾರು ಆರು ವರ್ಷವಾಗುತ್ತಲೇ ಅವರನ್ನು ಯೂರೋಪಿಗೆ ಕಳುಹಿಸುವುದು ವಾಡಿಕೆ. ಇಲ್ಲಿನ ಜ್ವರಗಳಿಂದ ಮಕ್ಕಳು ಸಾಯುತ್ತಿದ್ದರು, ಅದು ಒಂದು ಕಾರಣ; ಅಲ್ಲಿನ ಶಿಕ್ಷಣ ಬೇಕೆಂಬುದು ಇನ್ನೊಂದು. ಬಾಸೆಲ್ ಮಿಷನ್ 1853ರಲ್ಲಿ ಇದನ್ನು ಕಟ್ಟಳೆಯನ್ನೇ ಮಾಡಿ, ಬಾಸೆಲ್ ನಗರದಲ್ಲಿ ಮಿಷನರಿಗಳ ಮಕ್ಕಳಿಗಾಗಿ ಮನೆಯನ್ನು ಏರ್ಪಡಿಸಿತು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮುಂಚೆ ಆಫ್ರಿಕವನ್ನು ಸುತ್ತಿ ಹೋಗುವ ಹಡಗಿಗೆ ತಿಂಗಳುಗಳೇ ಹಿಡಿಯುತ್ತಿದ್ದವು. ಆರು ವರ್ಷದ ಮಗುವನ್ನು ದಡದಿಂದ ಬೀಳ್ಕೊಟ್ಟ ತಾಯಿ ಅದನ್ನು ಮತ್ತೆ ನೋಡುವಾಗ ಅದಕ್ಕೆ ಹದಿನೈದೋ ಹದಿನೆಂಟೋ. ಕೆಲವರು ನೋಡಲೇ ಇಲ್ಲ.

ಮಲೆಯಾಳದ ನಿಘಂಟುಕಾರ ಹೆರ್ಮನ್ ಗುಂಡರ್ಟ್ ಅವರ ಹೆಸರು ಕಾಸರಗೋಡು, ಮಂಗಳೂರು ಕಡೆಯವರಿಗೆ ಪರಿಚಿತ. ಮಲಬಾರು ಮತ್ತು ಕೆನರಾ ಜಿಲ್ಲೆಗಳ ಶಾಲಾ ತಪಾಸಣಾಧಿಕಾರಿಯಾಗಿಯೂ ಅವರು ಇದ್ದರು. ಅವರ ಪತ್ನಿ ಯೂಲಿ ತಲಶ್ಶೇರಿಯಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸಿದವರು. ಅಂದರೆ ಪರರ ಮಕ್ಕಳನ್ನು ದಿನವೂ ಮಡಿಲಲ್ಲಿ ಕೂರಿಸಿಕೊಂಡವರು. ಅವರ ಮಗಳು ಮರೀ 1842ರಲ್ಲಿ ತಲಶ್ಶೇರಿಯಲ್ಲೇ ಹುಟ್ಟಿದಳು. ಮೂರ್ನಾಲ್ಕು ವರ್ಷದವಳಿದ್ದಾಗ ತಂದೆತಾಯಿ ಅವಳನ್ನು ಯೂರೋಪಿನಲ್ಲಿ ಬಿಟ್ಟು ತಮ್ಮ ಸೇವೆಗೆ ಮರಳಿದರು. ಅವಳು ಮತ್ತೆ ಭಾರತಕ್ಕೆ ಬಂದದ್ದು 1857ರಲ್ಲಿ, ಹೆಚ್ಚುಕಡಿಮೆ ಬೆಳೆದ ಹುಡುಗಿಯಾಗಿ.

ಮುಂದೆ ಮರೀ ತಾನೂ ಮಿಷನರಿಯ ಹೆಂಡತಿಯಾದಳು, ವಿಧವೆಯಾದಳು, 1874ರಲ್ಲಿ ಯೊಹಾನ್ನೆಸ್ ಹೆಸ್ಸೆ ಎಂಬ ಇನ್ನೊಬ್ಬ ಮಿಷನರಿಯನ್ನು ಮದುವೆಯಾದಳು. ಅವರ ಮಗನೇ 1946ರಲ್ಲಿ ನೊಬೆಲ್ ಬಹುಮಾನ ಪಡೆದ ಸಾಹಿತಿ ಹೆರ್ಮನ್ ಹೆಸ್ಸೆ. ಆರು ವರ್ಷದ ಆ ಹುಡುಗ ಮನೆಯಲ್ಲಿ ಮಾತು ಕೇಳುವುದಿಲ್ಲವೆಂದು ಅದೇ ಬಾಸೆಲ್ ಮಿಷನ್ನಿನ ಹುಡುಗರ ಮನೆಯಲ್ಲಿ ಕೆಲವು ತಿಂಗಳು ಇರಿಸಿದ್ದರು. ತಂದೆತಾಯಿಯ ಮನೆ ಅದೇ ಊರಿನಲ್ಲಿತ್ತು.

ಇದನ್ನು ಓದಿ ಅಂದಿನ ತಂದೆತಾಯಿಗಳನ್ನು ಕಲ್ಲೆದೆಯವರೆಂದು ಹಳಿಯಬೇಡಿ. ಅವರು ಅತ್ತರು, ಪ್ರಾರ್ಥಿಸಿದರು, ಹಡಗಿನಿಂದ ಹಡಗಿಗೆ ಪತ್ರ ಬರೆದರು. ಮಗುವನ್ನು ಇಲ್ಲೇ ಇಟ್ಟುಕೊಂಡು ಕಾಲರಾಕ್ಕೆ ಒಪ್ಪಿಸಿದ ಮನೆಗಳೂ ಅವರ ಕಣ್ಮುಂದೆ ಇದ್ದವು. ಆದರೆ ಒಂದು ತಪ್ಪು ನಡೆಯಿತೆಂದು ನಾನು ನಂಬುತ್ತೇನೆ. ದೊಡ್ಡವರು ದೇವರಿಗೆ ಕೊಟ್ಟ ಮಾತಿನ ಬೆಲೆಯನ್ನು ಚಿಕ್ಕವರ ಕೈಯಿಂದ ಕೊಡಿಸಿದರು. ಕೊಡಿಸಿ, ಅದಕ್ಕೂ ‘ತ್ಯಾಗ’ ಎಂದು ಹೆಸರಿಟ್ಟರು. ತಾನಾಗಿ ಒಪ್ಪಿ ಕೊಟ್ಟರೆ ಅದು ತ್ಯಾಗ. ಕೇಳದೆ ಕಿತ್ತುಕೊಂಡದ್ದು ನಷ್ಟ. ಇದು ನೀತಿಶಾಸ್ತ್ರದ ಮೊದಲ ಪಾಠ. ಸೆಮಿನರಿಯಲ್ಲಿ ನಾನೂ ಓದಿ, ಪರೀಕ್ಷೆ ಬರೆದು, ಮರೆತಿದ್ದೆ.

ನಮ್ಮ ಮಣ್ಣಿಗೆ ಬಂದ ಫಲ

1837ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಆ ಮಗುವಿನ ವಿಷಯ ಹೇಳುತ್ತೇನೆಂದಿದ್ದೆ. ಅವರೇ ಬಿ. ಎಲ್. ರೈಸ್. ಅವರ ವಿದ್ಯಾಭ್ಯಾಸವೂ ಇಂಗ್ಲೆಂಡಿನಲ್ಲೇ ಆಯಿತು. ಆದರೆ 1860ರಲ್ಲಿ ಹುಟ್ಟಿದ ಊರಿಗೆ ಮರಳಿ ಶಾಲಾ ಮುಖ್ಯೋಪಾಧ್ಯಾಯರಾದರು. ಮುಂದೆ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ, ಬಳಿಕ ಪುರಾತತ್ವ ಇಲಾಖೆಯ ಮುಖ್ಯಸ್ಥರಾದರು. ಊರೂರಿನ ಶಿಲಾಶಾಸನಗಳನ್ನು ನಕಲು ಮಾಡಿಸಿ, ಓದಿಸಿ, 1886ರಿಂದ ಮುಂದಕ್ಕೆ ‘ಎಪಿಗ್ರಾಫಿಯ ಕರ್ನಾಟಿಕ’ದ ಹನ್ನೆರಡು ಸಂಪುಟಗಳಲ್ಲಿ ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ಅಚ್ಚು ಮಾಡಿಸಿದರು. ಹನ್ನೆರಡನೆಯ ಸಂಪುಟ ನಮ್ಮ ತುಮಕೂರು ಜಿಲ್ಲೆಯದು, 1904ರಲ್ಲಿ ಹೊರಬಂದದ್ದು. ತಿಪಟೂರು, ಚಿಕ್ಕನಾಯಕನಹಳ್ಳಿ ಕಡೆಯ ನಮ್ಮ ಅಜ್ಜಂದಿರು ಎಮ್ಮೆ ಕಟ್ಟುತ್ತಿದ್ದ, ಬಟ್ಟೆ ಒಗೆಯುತ್ತಿದ್ದ ಎಷ್ಟೋ ಕಲ್ಲುಗಳ ಮಾತು ಅದರಲ್ಲಿ ಉಳಿದಿದೆ. ಅವರ ತಮ್ಮ ಇ. ಪಿ. ರೈಸ್ ತಂದೆಯಂತೆ ಮಿಷನರಿಯಾದರು, ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದರು. ಅದರ ಪರಿಷ್ಕೃತ ಮುದ್ರಣ 1921ರಲ್ಲಿ ಬಂತು.

ತಂದೆ ಸುವಾರ್ತೆ ಬಿತ್ತಲು ಬಂದರು. ಮಕ್ಕಳ ಕೈಯಿಂದ ಕನ್ನಡ ನಾಡಿಗೆ ತನ್ನದೇ ಚರಿತ್ರೆ ದೊರೆಯಿತು. ದೇವರ ದಾರಿ ಹೀಗೆಯೇ. ಬಿತ್ತಿದವನು ಎಣಿಸದ ಬೆಳೆ.

ಹಾಗೆಂದು ಅವಸರದ ತೀರ್ಮಾನ ಬೇಡ. ಒಳ್ಳೆಯ ಫಲ ಬಂತಲ್ಲ, ಆದ್ದರಿಂದ ಮಕ್ಕಳ ಕಣ್ಣೀರು ಸರಿಯೇ ಆಯಿತು ಎಂದು ಹೇಳುವಂತಿಲ್ಲ. ಗಾಯದಿಂದಲೂ ದೇವರು ಒಳಿತನ್ನು ತರಬಲ್ಲರು. ಅದು ಅವರ ಕೃಪೆ. ಗಾಯ ಮಾಡಲು ಅದು ನಮಗೆ ಅಪ್ಪಣೆಯಲ್ಲ.

ನಮ್ಮ ಧರ್ಮಕೇಂದ್ರಗಳಲ್ಲಿ

‘ಇದೆಲ್ಲ ಅವರ ಕಥೆ, ನಮಗೇನು?’ ಎನ್ನಬೇಡಿ. ನಮ್ಮ ಹಳ್ಳಿಗಳ ಉಪದೇಶಿಗಳನ್ನು ನೆನೆಯಿರಿ. ಗುರುಗಳು ತಿಂಗಳಿಗೊಮ್ಮೆ ಬಂದು ಹೋಗುತ್ತಿದ್ದ ಕಾಲದಲ್ಲಿ ಜಪ ಕಲಿಸಿದವರು, ಸಾಯುವವರ ಬಳಿ ಕುಳಿತವರು, ಮಕ್ಕಳನ್ನು ಪ್ರಥಮ ಪರಮಪ್ರಸಾದಕ್ಕೆ ಸಿದ್ಧಪಡಿಸಿದವರು ಅವರೇ. ಅವರಿಗೆ ಸಿಗುತ್ತಿದ್ದುದು ಅಲ್ಪ ಸಂಬಳ. ಗುರುಗಳು ಬಂದಾಗ ನೀರು ಕಾಯಿಸಿ, ಮುದ್ದೆ ತೊಳಸಿ, ದೇವಾಲಯ ಗುಡಿಸಿದವಳು ಉಪದೇಶಿಯ ಹೆಂಡತಿ. ನಮ್ಮ ಶತಮಾನೋತ್ಸವದ ಸ್ಮರಣ ಸಂಚಿಕೆಗಳಲ್ಲಿ ಗುರುಗಳ ಭಾವಚಿತ್ರಗಳು ಸಾಲಾಗಿರುತ್ತವೆ. ಅವಳ ಚಿತ್ರ ಎಲ್ಲಿದೆ?

ನನ್ನದೇ ಮಾತು ಹೇಳುತ್ತೇನೆ. ಹದಿನೈದರಲ್ಲಿ ನಾನು ಕಿರಿಯ ಸೆಮಿನರಿಗೆ ಹೊರಟಾಗ ಕರೆ ಬಂದದ್ದು ನನಗೆ. ಊರವರು ನನ್ನನ್ನು ಹೊಗಳಿದರು. ಹೊಲದ ಕೆಲಸಕ್ಕೆ ಒಂದು ಕೈ ಕಡಿಮೆಯಾದದ್ದು ಅಪ್ಪನಿಗೆ. ರಾತ್ರಿ ಒಂದು ತಟ್ಟೆ ಹೆಚ್ಚಾಗಿ ಹಾಕಿ ಮತ್ತೆ ಎತ್ತಿಟ್ಟದ್ದು ಅವ್ವ. ಅದು ನನಗೆ ತಿಳಿದದ್ದು ಗುರುದೀಕ್ಷೆಯಾಗಿ ಎಷ್ಟೋ ವರ್ಷದ ಮೇಲೆ, ತಂಗಿ ಹೇಳಿದಾಗ.

ಈಗ ನಮ್ಮ ಧರ್ಮಕೇಂದ್ರಗಳಿಂದ ಗುರುಗಳು, ಸಹೋದರಿಯರು ಆಫ್ರಿಕಕ್ಕೆ, ಯೂರೋಪಿಗೆ ಸೇವೆಗೆ ಹೋಗುತ್ತಿದ್ದಾರೆ. ನಮ್ಮ ನರ್ಸುಗಳು, ಚಾಲಕರು, ಮನೆಗೆಲಸದವರು ಕೊಲ್ಲಿ ದೇಶಗಳಲ್ಲಿದ್ದಾರೆ. ಮೊದಲಿನವರನ್ನು ಸಭೆ ಕಳುಹಿಸಿದೆ, ಎರಡನೆಯವರನ್ನು ಸಾಲವೋ ಸಂಸಾರವೋ ಕಳುಹಿಸಿದೆ. ಎರಡೂ ಒಂದೇ ಎಂದು ನಾನು ಹೇಳುವುದಿಲ್ಲ. ಆದರೆ ಹಿಂದೆ ಉಳಿದವರ ಮನೆಯಲ್ಲಿ ಸಂಜೆ ಒಂದೇ ತೆರನಾಗಿರುತ್ತದೆ.

ನಾವು ಕಲಿಯಬೇಕಾದದ್ದು

ಒಂದು: ಹೋಗುವ ಮೊದಲು ಮನೆಯವರೆಲ್ಲ ಕೂಡಿ ಕುಳಿತು ಮಾತನಾಡಿ. ಚಿಕ್ಕ ಮಗುವನ್ನೂ ಕೂರಿಸಿಕೊಳ್ಳಿ. ತೀರ್ಮಾನ ದೊಡ್ಡವರದೇ ಇರಲಿ. ಆದರೆ ತನ್ನ ಮಾತನ್ನು ಕೇಳಿದರು ಎಂಬ ನೆನಪು ಮಗುವಿಗೆ ಜೀವನಪೂರ್ತಿ ಆಸರೆಯಾಗುತ್ತದೆ.

ಎರಡು: ಮಗುವಿಗೆ ನಿಜ ಹೇಳಿ. ‘ಬೇಗ ಬರುತ್ತೇನೆ’ ಎನ್ನುವ ಸಮಾಧಾನದ ಮಾತಿಗಿಂತ ‘ಎರಡು ವರ್ಷವಾಗುತ್ತದೆ’ ಎಂಬ ಕಹಿ ಮಾತು ಮೇಲು. ದಿನ ಗೊತ್ತಿದ್ದರೆ ಮಗು ಎಣಿಸುತ್ತದೆ. ಗೊತ್ತಿಲ್ಲದಿದ್ದರೆ ನಂಬುವುದನ್ನೇ ಬಿಡುತ್ತದೆ. ತಾಯಿಯ ಮಾತನ್ನು ನಂಬದ ಮಗುವಿಗೆ ದೇವರ ಮಾತನ್ನು ನಂಬೆಂದು ಹೇಗೆ ಕಲಿಸೋಣ?

ಮೂರು: ಹಿಂದೆ ಉಳಿದವರ ದುಡಿಮೆಯನ್ನು ಹೆಸರಿಟ್ಟು ಗೌರವಿಸಿ. ವಿದೇಶದ ಹಣದಿಂದ ಮನೆ ಎದ್ದಾಗ ಗೃಹಪ್ರವೇಶದಲ್ಲಿ ಮಕ್ಕಳನ್ನು ಸಾಕಿದ ಅಜ್ಜಿಯನ್ನು ಮುಂದೆ ನಿಲ್ಲಿಸಿ.

ನಾಲ್ಕು: ಇದು ಧರ್ಮಕೇಂದ್ರದ ಹೊಣೆಯೂ ಹೌದು. ಒಬ್ಬರನ್ನು ಆಶೀರ್ವದಿಸಿ ಕಳುಹಿಸಿದ ಮೇಲೆ ಅವರ ಮನೆಯ ಬಾಗಿಲು ತಟ್ಟಬೇಕಾದವರು ನಾವು. ಅಕ್ವಿಲ, ಪ್ರಿಸ್ಸಿಲ್ಲರ ಮನೆ ಪೌಲರಿಗೆ ತೆರೆದಿತ್ತು. ತಾಯಿ ದೂರವಿರುವ ಮಗುವಿಗೆ ನಮ್ಮ ಮನೆ ತೆರೆದಿದೆಯೇ?

ನಮ್ಮ ಸೀಮೆಯವರಿಗೆ ಒಂದು ಮಾತು ಹೇಳಿದರೆ ಸಾಕು. ಉಂಡೆ ಕೊಬ್ಬರಿಗೆಂದು ಅಟ್ಟದ ಮೇಲೆ ಹಾಕಿದ ತೆಂಗಿನಕಾಯಿಯನ್ನು ಹತ್ತು ಹನ್ನೆರಡು ತಿಂಗಳು ಯಾರೂ ಮುಟ್ಟುವುದಿಲ್ಲ. ಅದು ತಾನಾಗಿ ಒಳಗೇ ನೀರು ಆರಿ, ತಿರುಳು ಕರಟ ಬಿಟ್ಟು, ಅಲುಗಿಸಿದರೆ ಗಡಗಡ ಎನ್ನುತ್ತದೆ. ಆಗ ಇಳಿಸಿ ತಿಪಟೂರಿನ ಮಾರುಕಟ್ಟೆಗೆ ಒಯ್ಯುತ್ತೇವೆ. ಕಾಯಿಗೆ ಅದು ಸರಿ. ಮಗುವನ್ನು ಹಾಗೆ ಬಿಟ್ಟರೆ ಅದೂ ಒಳಗೇ ಒಣಗುತ್ತದೆ, ಸುತ್ತಲಿನವರಿಂದ ಬಿಟ್ಟುಕೊಳ್ಳುತ್ತದೆ. ಆದರೆ ಅದನ್ನು ನಾವು ‘ಹದವಾಯಿತು’ ಎನ್ನಲಾಗದು.

ಆ ಹುಡುಗನ ಮನೆಗೆ ನಾನು ಮತ್ತೆ ಹೋಗಿದ್ದೆ, ಈ ಸಲ ತಂದೆ ಊರಿನಲ್ಲಿದ್ದ ಭಾನುವಾರ. ಮಗ ಹೇಳಿದ್ದನ್ನು ತಿಳಿಸಿದೆ. ಅವರು ಅಂದು ರಾತ್ರಿ ಹೆಂಡತಿಯೊಂದಿಗೆ ಮಾತನಾಡಿದರಂತೆ. ಆಕೆ ಕ್ರಿಸ್ಮಸ್ಸಿಗೆ ರಜೆ ಕೇಳಿದರು, ಸಿಗಲಿಲ್ಲ. ಸಿಕ್ಕದ್ದು ಫೆಬ್ರವರಿಯಲ್ಲಿ. ಅಷ್ಟು ದೂರದ ದಿನವನ್ನು ಮಗುವಿಗೆ ಹೇಗೆ ಹೇಳುವುದೆಂದು ಎಲ್ಲರೂ ಹಿಂಜರಿದರು. ಕೊನೆಗೆ ತಾಯಿಯೇ ಫೋನಿನಲ್ಲಿ ಹೇಳಿದರು. ಹುಡುಗ ಅತ್ತನಂತೆ, ಬಹಳ ಹೊತ್ತು. ಮರುದಿನ ಅಜ್ಜಿಯ ಕ್ಯಾಲೆಂಡರಿನ ಮುಂದೆ ನಿಂತು ಎಷ್ಟು ಹಾಳೆ ಮಗುಚಬೇಕೆಂದು ಕೇಳಿದ. ‘ಈಗ ಫೋನ್ ಬಂದ್ರೆ ಇಳಿದು ಬರ್ತಾನೆ ಫಾದರ್, ಎರಡು ಮಾತಾದ್ರೂ ಆಡ್ತಾನೆ’ ಎಂದರು ಅಜ್ಜಿ.

ಎಲ್ಲವೂ ಸರಿಹೋಯಿತೆಂದು ನಾನು ಬರೆಯಲಾರೆ. ಫೆಬ್ರವರಿ ಮುಗಿದ ಮೇಲೆ ಆ ತಾಯಿ ಮತ್ತೆ ವಿಮಾನ ಹತ್ತಲೇಬೇಕು, ಸಾಲ ತೀರಿಲ್ಲ. ಆದರೆ ಆ ಮನೆಯ ಹೊರೆಯಲ್ಲಿ ತನ್ನ ಪಾಲು ಎಷ್ಟೆಂದು ಈಗ ಆ ಹುಡುಗನಿಗೆ ಗೊತ್ತು. ಅದು ಹೊರೆ ಎಂದು ಮ‌ನೆಯವರಿಗೂ ಗೊತ್ತು, ಅವನ ಗುರುವಿಗೂ ಗೊತ್ತು.

ಈ ವಾರ ಕುಟುಂಬ ಪ್ರಾರ್ಥನೆಯ ನಂತರ ಮಾತನಾಡಿಕೊಳ್ಳಲು

1. ನಮ್ಮ ಮನೆಯಿಂದ ಅಥವಾ ನೆಂಟರ ಮನೆಯಿಂದ ದೂರ ಹೋದವರು ಯಾರು? ಅವರ ಹಿಂದೆ ಉಳಿದವರು ಯಾರು?

2. ನಮ್ಮ ಮನೆಯಲ್ಲಿ ಹೆಸರು ಸಿಗದೆ ದುಡಿಯುವವರು ಯಾರು? ಈ ವಾರ ಅವರಿಗೆ ಕೃತಜ್ಞತೆ ಹೇಳಿದೆವೇ?

3. ಮಕ್ಕಳೇ, ನಿಮ್ಮನ್ನು ಕೇಳದೆ ದೊಡ್ಡವರು ಮಾಡಿದ ಯಾವ ತೀರ್ಮಾನ ನಿಮಗೆ ನೋವು ತಂದಿದೆ? (ದೊಡ್ಡವರು ನಡುವೆ ಮಾತನಾಡದೆ ಕೇಳಬೇಕು.)

4. ನಮ್ಮ ಬೀದಿಯಲ್ಲಿ ತಂದೆ ಅಥವಾ ತಾಯಿ ದೂರವಿರುವ ಮಗು ಇದೆಯೇ? ಬರುವ ಭಾನುವಾರ ಆ ಮಗುವನ್ನು ಊಟಕ್ಕೆ ಕರೆಯೋಣವೇ?

ಪ್ರಾರ್ಥನೆ: ಪ್ರಭುವೇ, ಎಳೆಯ ಮಗುವಾಗಿ ಮಾತೆ ಮರಿಯಮ್ಮನವರ ತೋಳಿನಲ್ಲಿ ಈಜಿಪ್ಟಿಗೆ ಹೋದವರು ನೀವು, ನಿಮ್ಮನ್ನು ಬಿಟ್ಟು ಅವರು ಹೋಗಲಿಲ್ಲ. ದೂರ ಹೋದವರನ್ನೂ ಉಳಿದವರನ್ನೂ ಕಾಪಾಡಿರಿ. ನಿಮ್ಮ ಹೆಸರಿನಲ್ಲಿ ನಾವು ಹೊರುವ ಹೊರೆಯನ್ನು ನಮಗಿಂತ ಚಿಕ್ಕವರ ತಲೆಗೆ ದಾಟಿಸದಂತೆ ನಮಗೆ ವಿವೇಕ ಕೊಡಿರಿ. ಆಮೆನ್.